ಕಲ್ಲಿನ ಹೆಸರು, ಕರೆಂಟಿನ ಅಡಿಗೆ

ಬಾಯಿ ಮುಚ್ಚಿ ಕೂತವರ ಮನೆಯಲ್ಲಿ ಎಂತದ್ದೂ ಆಗುವುದಿಲ್ಲ, ಬೇಕಾದ್ರೆ ನೋಡಿ. ಆಗುವುದೆಲ್ಲ ನನ್ನ ಹಾಗೆ ಬಾಯಿ ಬಿಟ್ಟವರ ಮನೆಯಲ್ಲೇ. ಒಂದು ಮರ್ಯಾದೆ ಹೋಗಿ, ಮುಖ ತೊಳೆದು ಬರುವಷ್ಟರಲ್ಲಿ ಇನ್ನೊಂದು ಹೋಗಿರ್ತದೆ.

ನಮ್ಮದು ಬಂಟ್ವಾಳದ ಹತ್ರ ನರಿಕೊಂಬು. ನಾನು ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ. ಮತ್ತೆ ಬೀಡಿ ಕಟ್ಲಿಕ್ಕೆ ಕೂತದ್ದು. ಬೀಡಿ ಕಟ್ಟುವಾಗ ಕೈಗೆ ಮಾತ್ರ ಕೆಲಸ, ಬಾಯಿಗೆ ರಜೆ. ಆ ರಜೆಯಲ್ಲಿ ನನ್ನ ಬಾಯಿ ಕಲಿತಷ್ಟು ಯಾವ ಕಾಲೇಜಿನವರೂ ಕಲಿತಿರ್ಲಿಕ್ಕಿಲ್ಲ.

ನಮ್ಮ ಓಣಿಯಲ್ಲಿ ನನಗೆ ಒಂದು ಹೆಸರುಂಟು. ಎಂತ ಹೆಸರು ಅಂದ್ರೆ, "ಆ ಅಕ್ಕನ ಮನೆಯಲ್ಲಿ ಇವತ್ತಿಗೂ ಮಸಾಲೆ ಅರೆಯುವುದು ಕಡೆಯುವ ಕಲ್ಲಿನಲ್ಲೇ." ಆ ಹೆಸರು ಇದ್ದ ಕಾರಣ ನಾನು ಯಾರ ಮನೆಯ ಊಟಕ್ಕೂ ಮೂಗು ಮುರೀಬಹುದು. ಮದುವೆ ಮನೆಯಲ್ಲಿ ಸಾರಿಗೆ ಉಪ್ಪು ಕಮ್ಮಿ ಅಂತ ನಾನು ಹೇಳಿದ್ರೆ ಅಡಿಗೆಯವ ತಿರುಗಿ ಮಾತಾಡುವುದಿಲ್ಲ, ಉಪ್ಪು ಹಾಕ್ತಾನೆ. ಹೆಸರು ಹೋದ್ರೆ ನನ್ನ ಬಾಯಿಗೂ ಬೆಲೆ ಇಲ್ಲ. ಮತ್ತೆ ನಾನು ಎಂತ ಇಟ್ಕೊಂಡು ಬದುಕುವುದು ಹೇಳಿ?

ಪಕ್ಕದ ಮನೆಯಲ್ಲಿ ಒಬ್ಬಳು ನರ್ಸ್ ಇದ್ದಾಳೆ. ತವರು ಮೂಡುಬಿದ್ರೆ ಹತ್ರ ಪುತ್ತಿಗೆ. ಬೆಳಿಗ್ಗೆ ಡ್ಯೂಟಿಗೆ ಓಡುವ ಅಂಬೆರ್ಪಿನಲ್ಲಿ, ಗಡಿಬಿಡಿಯಲ್ಲಿ, ಚಟ್ನಿಯಿಂದ ಹಿಡಿದು ಮೀನಿನ ಮಸಾಲೆವರೆಗೆ ಎಲ್ಲ ಮಿಷನಿಗೆ ಹಾಕಿ ಗುರ್‍ರ್ ಅನಿಸಿ ಹೋಗ್ತಾಳೆ. ನನ್ನ ಬಾಯಿಗೆ ಅಷ್ಟು ಸಾಕಲ್ಲ? ಮಹಿಳಾ ಸಂಘದ ಮೀಟಿಂಗಿನಲ್ಲಿ ಎಲ್ರ ಎದುರು ಹೇಳಿದೆ, "ಇವಳ ಮನೆಯಲ್ಲಿ ಮೀನು ಸಾರು ಉಣ್ಣುವಾಗ ಚಪ್ಪಲಿ ಹಾಕ್ಕೊಂಡು ಕೂತ್ಕೊಳ್ಳಿ. ಶಾಕ್ ಹೊಡೀಬಹುದು."

ಎಲ್ರೂ ನಗಾಡಿದ್ರು. ಅವಳೂ ತಲೆ ಕೆಳಗೆ ಹಾಕಿ ನಗಾಡಿದ್ಲು.

ಅದಾಗಿ ಸ್ವಲ್ಪ ಸಮಯಕ್ಕೆ ನನ್ನ ಬಲದ ಭುಜ ಮುಷ್ಕರ ಹೂಡಿತು.

ಹೊಲಿಗೆ ಮಿಷನ್

ಭುಜ ಹೇಗೆ ಸೆಟೆಯಿತು ಅಂದ್ರೆ ಸೆರಗು ಸರಿ ಮಾಡ್ಲಿಕ್ಕೂ ಎಡಗೈಯೇ ಬೇಕು. ಡಾಕ್ಟ್ರು ನೋಡಿದ್ರು, ಕೈ ಎತ್ತಿಸಿದ್ರು, ನಾನು ಆಸ್ಪತ್ರೆಯೇ ಹಾರಿಹೋಗುವ ಹಾಗೆ ಕಿರುಚಿದೆ. "ಇನ್ನು ಕಡೆಯುವ ಕಲ್ಲು ಮುಟ್ಟಬಾರ್ದು" ಅಂದ್ರು. ನಾನು ಮೆಲ್ಲ ಕೇಳಿದೆ, "ಈ ವಿಷಯ ಬೇರೆ ಯಾರಿಗೂ ಹೇಳುವುದಿಲ್ಲ ಅಲ್ವಾ ಡಾಕ್ಟ್ರೆ?" ಅವರು ಪಾಪ, ನನಗೆ ಎಂತ ದೊಡ್ಡ ಕಾಯಿಲೆ ಬಂದದ್ದೋ ಅಂತ ಮತ್ತೊಮ್ಮೆ ನೋಡಿದ್ರು.

ನಮ್ಮ ಸೊಸೆ ಬಿ.ಸಿ. ರೋಡಿನಲ್ಲಿ ಕೆಲಸಕ್ಕೆ ಹೋಗುವವಳು. ಕಡಿಮೆ ಮಾತಿನ ಹುಡುಗಿ. "ಅತ್ತೆ, ಒಂದು ಫುಡ್ ಪ್ರೊಸೆಸರ್ ತರುವ. ಅರೆಯುವುದು, ಕೊಚ್ಚುವುದು, ಕಾಯಿ ತುರಿಯುವುದು, ಹಿಟ್ಟು ಕಲಸುವುದು, ಎಲ್ಲ ಅದೇ ಮಾಡ್ತದೆ" ಅಂದ್ಲು.

"ಮತ್ತೆ ನಾನು ಎಂತ ಮಾಡುವುದು?"

"ನೀವು ಭುಜಕ್ಕೆ ಎಣ್ಣೆ ಹಚ್ಚಿ ಕೂತ್ಕೊಳ್ಳಿ."

ತರುವುದೇನೋ ತರುವ, ಆದ್ರೆ ಓಣಿಯೊಳಗೆ ತರುವುದು ಹೇಗೆ? ಪೆಟ್ಟಿಗೆ ನೋಡಿದ್ರೆ ಒಂದು ಟಿವಿಯಷ್ಟು ದೊಡ್ಡದು. ನಾನು ಅಂಗಡಿಗೆ ಹೋಗುವಾಗಲೇ ಮನೆಯಿಂದ ಒಂದು ಹಳೇ ಬೆಡ್‌ಶೀಟ್ ಹಿಡ್ಕೊಂಡು ಹೋಗಿದ್ದೆ. ರಿಕ್ಷಾದಲ್ಲಿ ಪೆಟ್ಟಿಗೆಗೆ ಅದನ್ನು ಹೊದಿಸಿ, ನಮ್ಮವರನ್ನು, ಅಂದ್ರೆ ನನ್ನ ಗಂಡನನ್ನು, ಈಚೆ ಬದಿಗೆ, ಸೊಸೆಯನ್ನು ಆಚೆ ಬದಿಗೆ ಕೂರಿಸಿ, ನಡುವಿನಲ್ಲಿ ಪೆಟ್ಟಿಗೆಯನ್ನು ತಬ್ಬಿಕೊಂಡು ಕೂತೆ. ಹುಷಾರಿಲ್ಲದವರನ್ನು ಆಸ್ಪತ್ರೆಯಿಂದ ಮನೆಗೆ ಕರ್ಕೊಂಡು ಬರುವ ಹಾಗೆ.

ರಿಕ್ಷಾದವ ನಮ್ಮ ಓಣಿಯವನೇ. ಕನ್ನಡಿಯಲ್ಲಿ ನೋಡಿ ನೋಡಿ ಕೇಳಿದ, "ಎಂತ ಅಕ್ಕ ಅದು?"

"ಹೊಲಿಗೆ ಮಿಷನ್" ಅಂದೆ. "ಸೊಸೆಗೆ."

ಸೊಸೆ ಹೊರಗೆ ನೋಡಿದ್ಲು. ನಮ್ಮವರು ಕೆಮ್ಮಿದ್ರು.

ಮನೆ ಮುಟ್ಟುವಾಗ ಗಾಳಿಗೆ ಬೆಡ್‌ಶೀಟ್ ಒಂದು ಬದಿಯಲ್ಲಿ ಎದ್ದದ್ದು ನನಗೆ ಗೊತ್ತೇ ಆಗ್ಲಿಲ್ಲ. ರಿಕ್ಷಾದವ ಪೆಟ್ಟಿಗೆ ಇಳಿಸ್ಲಿಕ್ಕೆ ಕೈ ಕೊಟ್ಟ. ಇಳಿಸಿ, ಅದರ ಮೇಲಿದ್ದ ಚಿತ್ರವನ್ನು ಸಾವಕಾಶ ನೋಡಿದ.

"ಹೊಲಿಗೆ ಮಿಷನಿಗೆ ಕ್ಯಾರೆಟ್ ಎಂತಕ್ಕೆ ಅಕ್ಕ? ಗುಬ್ಬಿಗೆಯಾ?"

ಗುಬ್ಬಿ ಅಂದ್ರೆ ಅಂಗಿಯ ಬಟನ್. ನಾನು ಬೆಡ್‌ಶೀಟ್ ಎಳೆದು ಕ್ಯಾರೆಟಿನ ಮೇಲೆ ಹಾಕಿದೆ.

ಗೊರಕೆ

ಆ ಮಿಷನಿಗೆ ಎಲ್ಲ ಕೆಲಸ ಗೊತ್ತುಂಟು, ಮೆಲ್ಲ ಮಾತಾಡ್ಲಿಕ್ಕೆ ಮಾತ್ರ ಗೊತ್ತಿಲ್ಲ. ಮೊದಲ ಸಲ ತಿರುಗಿಸಿದಾಗ ಹಿತ್ತಲಿನ ಬಾಳೆಯಲ್ಲಿದ್ದ ಕಾಗೆಗಳೆಲ್ಲ ಹಾರಿದ್ವು. ನಮ್ಮವರು ಪೇಪರ್ ಓದುತ್ತಾ ಇದ್ದವರು ಎದ್ದು ನಿಂತ್ರು. ಯಾಕೆ ನಿಂತದ್ದು ಅಂತ ಅವರಿಗೇ ಗೊತ್ತಿಲ್ಲ.

ನಾನು ಒಂದು ಉಪಾಯ ಮಾಡಿದೆ. ಬೆಳಿಗ್ಗೆ ನರ್ಸಿನ ಮನೆಯಲ್ಲಿ ಮಿಷನ್ ತಿರುಗುವಾಗಲೇ ನಮ್ಮದನ್ನೂ ತಿರುಗಿಸುವುದು. ಅವಳ ಗುರ್‍ರಿನ ಒಳಗೆ ನಮ್ಮ ಗುರ್‍ರ್. ಕಾಯಿ, ಮೆಣಸು ಎಲ್ಲ ಪಾತ್ರೆಗೆ ಹಾಕಿ, ಮುಚ್ಚಳ ಗಟ್ಟಿ ಹಾಕಿ, ಬೆರಳು ಗುಂಡಿಯ ಮೇಲೆ ಇಟ್ಟು, ಕಿವಿ ಕಿಟಕಿಗೆ ಕೊಟ್ಟು ನಿಲ್ಲುವುದು. ಅವಳು ಶುರು ಮಾಡಿದ ಕೂಡ್ಲೇ ನಾನು. ಅವಳು ನಿಲ್ಲಿಸಿದ ಕೂಡ್ಲೇ ನಾನೂ. ಅವಳು ಚಟ್ನಿ ತರಿ ತರಿ ಮಾಡಿದ್ರೆ ನಮ್ಮ ಮನೆಯ ಮೀನಿನ ಮಸಾಲೆಯೂ ತರಿ ತರಿ.

"ಇವತ್ತು ಸಾರಿನಲ್ಲಿ ಕಾಯಿ ಹಲ್ಲಿಗೆ ಸಿಗ್ತದೆ" ಅಂದ್ರು ನಮ್ಮವರು.

"ಅದಕ್ಕೆ ಆಚೆ ಮನೆಯವಳಿಗೆ ಹೇಳಿ" ಅಂದೆ.

ಹೀಗೆ ಸುಧಾರಿಸ್ತಾ ಇತ್ತು. ಒಂದು ದಿನ ಅವಳ ಮನೆಯಿಂದ ಶಬ್ದ ಬಂತು, ನಾನೂ ಗುಂಡಿ ಒತ್ತಿದೆ. ಅವಳದ್ದು ನಿಂತಿತು. ನಾನು ಗಮನಿಸ್ಲೇ ಇಲ್ಲ, ಹಿಂದಿನ ದಿನದ ಸಾರಿಗೆ ಬೈಗುಳ ತಿಂದವಳು, ಇವತ್ತು ನುಣ್ಣಗೆ ಆಗ್ಲಿ ಅಂತ ಒತ್ತಿ ಹಿಡಿದೇ ಇದ್ದೆ. ನಿಲ್ಲಿಸಿ ತಿರುಗಿ ನೋಡ್ತೇನೆ, ಬೇಲಿಯ ಹತ್ರ ನರ್ಸ್.

"ಅಕ್ಕ, ನಿಮ್ಮ ಮನೆಯಿಂದ ಎಂತದೋ ಶಬ್ದ ಬಂತು. ಮಿಷನಿನ ಹಾಗೆ."

ನಾನು ಓಡಿ ಅಂಗಳಕ್ಕೆ ಬಂದೆ. ಕೈಯಲ್ಲಿ ಮಸಾಲೆ. ಸೆರಗಿಗೆ ಉಜ್ಜಿದೆ.

"ಮಿಷನ್ ಎಲ್ಲಿಂದ ಮಾರಾಯ್ತಿ? ನಮ್ಮವರ ಗೊರಕೆ."

"ಅಷ್ಟು ಜೋರಾ?"

"ಎಂತ ಹೇಳುವುದು. ರಾತ್ರಿಯಿಡೀ ನನಗೆ ನಿದ್ರೆ ಇಲ್ಲ. ಈಗಲೂ ಮಲಗಿದವರು ಎದ್ದಿಲ್ಲ. ನನ್ನ ಕರ್ಮ."

ಅವಳು ನನ್ನ ಹಿಂದೆ ನೋಡ್ತಾ ನಿಂತ್ಲು. ನಾನೂ ತಿರುಗಿದೆ. ನಮ್ಮವರು ಹಾಲಿನ ಪ್ಯಾಕೆಟ್ ಹಿಡ್ಕೊಂಡು ಗೇಟಿನ ಒಳಗೆ ಬರ್ತಾ ಇದ್ದಾರೆ. ಹಣೆಯಲ್ಲಿ ಕುಂಕುಮ, ಮೈಯಲ್ಲಿ ಇಸ್ತ್ರಿ ಅಂಗಿ.

"ಎಂತ ಮಾತಾಡ್ತಾ ಇದ್ದೀರಿ ಇಬ್ರೂ?" ಅಂತ ಕೇಳಿದ್ರು.

ನರ್ಸ್ ಅವರ ಹತ್ರ ಬಹಳ ಮರ್ಯಾದೆಯಲ್ಲಿ ಹೇಳಿದ್ಲು, "ಎಂತ ಇಲ್ಲ ಅಣ್ಣ. ನೀವು ಒಳಗೆ ಮಲಗಿದ್ದೀರಂತೆ. ಹೋಗಿ ಮಲಗಿ."

ಗುಜ್ಜೆ

ಗುಜ್ಜೆ ಆಗುವ ಸಮಯ. ಎಳೇ ಹಲಸಿನ ಪಲ್ಯ ಅಂದ್ರೆ ನಮ್ಮವರಿಗೆ ಪ್ರಾಣ. ಆದ್ರೆ ಗುಜ್ಜೆ ಕೊಚ್ಚುವುದು ಅಂದ್ರೆ ಸಣ್ಣ ಕೆಲಸವಾ? ಕೈಗೆ ತೆಂಗಿನೆಣ್ಣೆ ಹಚ್ಚಬೇಕು, ಮೆಟ್ಟುಕತ್ತಿಗೂ, ಅಂದ್ರೆ ಈಳಿಗೆ ಮಣೆಗೂ, ಹಚ್ಚಬೇಕು, ಇಲ್ಲದಿದ್ರೆ ಮಯಣ ಹಿಡಿದ್ರೆ ಬಿಡುವುದಿಲ್ಲ. ಬಿಳೀ ಹಾಲಿನ ಹಾಗೆ ಇರ್ತದೆ, ಒಣಗಿದ್ರೆ ಅಂಟು.

ನನ್ನ ಭುಜದಲ್ಲಿ ಮೆಟ್ಟುಕತ್ತಿಯಲ್ಲಿ ಕೂರ್ಲಿಕ್ಕೆ ಆಗುವುದಿಲ್ಲ. ಸೊಸೆ ಕೆಲಸಕ್ಕೆ ಹೋಗಿದ್ಲು. ನಾನು ಯೋಚನೆ ಮಾಡಿದೆ: ಎಣ್ಣೆ ಹಚ್ಚುವುದು ಕೈಗೆ ಹಿಡೀಬಾರ್ದು ಅಂತ. ಮಿಷನಿಗೆ ಕೈ ಎಲ್ಲಿ ಉಂಟು? ನಮ್ಮವರ ಹತ್ರ ಗುಜ್ಜೆಯ ಮುಳ್ಳು ತೆಗೆಸಿ, ತುಂಡು ತುಂಡು ಮಾಡಿಸಿ, ಒಂದು ಹನಿ ಎಣ್ಣೆ ಇಲ್ಲದೆ ಎಲ್ಲವನ್ನೂ ಮಿಷನಿನ ಹೊಟ್ಟೆಗೆ ತುಂಬಿಸಿದೆ.

ಹೇಗೆ ಕೊಚ್ಚಿತು ಗೊತ್ತುಂಟಾ? ಕಣ್ಣು ಮುಚ್ಚಿ ತೆಗೆಯುವಷ್ಟರಲ್ಲಿ. ನನಗೆ ಕುಶಿಯೋ ಕುಶಿ. ಅಷ್ಟರಲ್ಲಿ ಮೀನಿನವನ ಹಾರ್ನ್ ಕೇಳಿತು. ಬಂಗುಡೆಗೆ ಚರ್ಚೆ ಮಾಡಿ, ಆಚೆ ಈಚೆ ಮನೆಯವರ ಮೀನನ್ನೂ ನೋಡಿ ಒಂದೆರಡು ಮಾತು ಹೇಳಿ ಬರುವಾಗ ತಡವಾಯ್ತು. ಬಂದು ಮುಚ್ಚಳ ತಿರುಗಿಸ್ತೇನೆ, ಅಲ್ಲಾಡುವುದಿಲ್ಲ.

ನಮ್ಮವರನ್ನು ಕರೆದೆ. ಅವರು ನೋಡಿ, "ಲಾಕ್ ಆಗಿದೆ" ಅಂದ್ರು. ಗಂಡಸರಿಗೆ ಅಷ್ಟು ಹೇಳಿದ್ರೆ ಅರ್ಧ ಕೆಲಸ ಆದ ಹಾಗೆ. ಬಿಸಿನೀರು ಹೊಯ್ದದ್ದಾಯ್ತು. ಚಮಚದಲ್ಲಿ ಮೀಟಿದ್ದಾಯ್ತು. ಕೊನೆಗೆ ಅವರು ನೆಲದಲ್ಲಿ ಕೂತು ಪಾತ್ರೆಯನ್ನು ಎರಡು ಮೊಣಕಾಲುಗಳ ಎಡೆಯಲ್ಲಿ ಗಟ್ಟಿ ಹಿಡ್ಕೊಂಡ್ರು. ನಾನು ಎದುರು ಕೂತು ಎಡಗೈಯಲ್ಲಿ ಮುಚ್ಚಳ ಎಳೆದೆ. ಕಾಲನ್ನು ಅವರ ಹೊಟ್ಟೆಗೆ ಕೊಟ್ಟಿದ್ದೆ, ಇಲ್ಲದಿದ್ರೆ ಬಲ ಸಿಗುವುದಿಲ್ಲ.

ಆ ಹೊತ್ತಿಗೆ ಸೊಸೆ ಬಂದ್ಲು. ಬಾಗಿಲಲ್ಲಿ ನಿಂತು ನಮ್ಮನ್ನು ನೋಡಿ, ಹಾಗೇ ಹೊರಗೆ ಹೋಗಿ, ಸ್ವಲ್ಪ ಹೊತ್ತು ಬಿಟ್ಟು ಚಪ್ಪಲಿ ಶಬ್ದ ಮಾಡ್ಕೊಂಡು ಮತ್ತೊಮ್ಮೆ ಬಂದ್ಲು.

ಮರುದಿನ ಪಾತ್ರೆಯನ್ನು ಅಂಗಡಿಗೆ ಕೊಂಡೋದೆವು, ಗುಜ್ಜೆ ಸಮೇತ. ಗುಜ್ಜೆ ಅಂತ ಹೇಳ್ಲಿಕ್ಕೆ ಸೊಸೆಗೆ ನಾಚಿಕೆ. ಅಂಗಡಿಯವ ಮುಚ್ಚಳ ಎಳೆದು ನೋಡಿ, ಮೂಸಿ ನೋಡಿ, "ಎಂತ ಹಾಕಿದ್ದು ಇದಕ್ಕೆ?" ಅಂತ ಕೇಳಿದ.

"ಮಕ್ಕಳು ಗಮ್ ಹಾಕಿದ್ದು" ಅಂದ್ಲು ಸೊಸೆ.

ಅವ ಒಮ್ಮೆ ನನ್ನ ಕೈ ನೋಡಿದ. ಬೆರಳುಗಳೆಲ್ಲ ಮಯಣ ಹಿಡಿದು ಕಪ್ಪು ಕಪ್ಪು. ಮತ್ತೆ ನಮ್ಮವರ ಮೊಣಕಾಲು ನೋಡಿದ, ಪ್ಯಾಂಟಿಗೂ ಹಿಡಿದಿತ್ತು.

"ಎಷ್ಟು ದೊಡ್ಡ ಮಕ್ಕಳು ಮೇಡಂ?" ಅಂತ ಕೇಳಿದ.

ಕಾವಿಗೆ ಕೂತದ್ದು

ನಮ್ಮವರ ತಂಗಿಯನ್ನು ಕೊಟ್ಟದ್ದು ಪುತ್ತಿಗೆಗೆ. ನರ್ಸಿನ ತವರೂ ಪುತ್ತಿಗೆ ಅಂತ ಆಗಲೇ ಹೇಳಿದೆ. ಅಲ್ಲಿ ಸೀನಿದ್ರೆ ಇಲ್ಲಿ ಕೇಳ್ತದೆ. ಹಾಗಾಗಿ ನಾದಿನಿ ಬರ್ತೇನೆ ಅಂತ ಫೋನ್ ಮಾಡಿದ ಕೂಡ್ಲೇ ನಾನು ಮಿಷನನ್ನು ಅಕ್ಕಿ ಡ್ರಮ್ಮಿನ ಹಿಂದೆ ಇಟ್ಟು ಅದರ ಮೇಲೆ ಗೋಣಿ ಹಾಕಿದೆ.

ನಾದಿನಿ ಬಂದ್ಲು. ನೀರುದೋಸೆ ಮತ್ತು ಕೋಳಿ ಸಾರು ಮಾಡಿದ್ದೆ. ಒಂದು ತುಂಡು ಬಾಯಿಗೆ ಹಾಕಿ ಕಣ್ಣು ಮುಚ್ಚಿದ್ಲು.

"ಅತ್ತಿಗೆ, ಇದು ಕಲ್ಲಿನ ಮಸಾಲೆಯೇ. ಮಿಷನಿನಲ್ಲಿ ಈ ರುಚಿ ಸತ್ರೂ ಬರುವುದಿಲ್ಲ."

"ಬೆಳಿಗ್ಗೆ ಎದ್ದು ಕಡ್ದದ್ದು" ಅಂದೆ. ಅಲ್ಲಿಗೆ ಬಾಯಿ ಮುಚ್ಚಬಹುದಿತ್ತು. ಮುಚ್ಲಿಲ್ಲ. "ಕೈ ನೋಯ್ತದೆ, ಆದ್ರೆ ಎಂತ ಮಾಡುವುದು, ನನಗೆ ಮಿಷನಿನ ವಾಸನೆ ಆಗುವುದಿಲ್ಲ."

"ನನಗೂ ಒಂದು ಚೂರು ಮಸಾಲೆ ಕಡ್ದು ಕೊಡಿ ಅತ್ತಿಗೆ, ಮನೆಗೆ ಕೊಂಡೋಗ್ತೇನೆ. ಇಲ್ಲ ಬೇಡ, ನಿಮಗೆ ಎಂತಕ್ಕೆ ಕಷ್ಟ? ನಾನೇ ಕಡೀತೇನೆ." ಹೇಳಿದವಳೇ ಎದ್ದು ಹಿಂದಿನ ಕೊಟ್ಟಿಗೆಗೆ ಹೋದ್ಲು.

ನಾನು ಹಿಂದೆ ಓಡಿದೆ. ಕಲ್ಲು ಸೌದೆ ರಾಶಿಯ ಆಚೆ ಇದ್ದದ್ದು. ಭುಜ ನೋವು ಬಂದ ಮೇಲೆ ನಾನು ಆ ಕಡೆ ತಲೆ ಹಾಕಿಯೇ ಇರ್ಲಿಲ್ಲ. ಗುಂಡನ್ನು ತೆಗೆದು ಬದಿಗೆ ಇಟ್ಟದ್ದು ನೆನಪುಂಟು. ಕಲ್ಲಿನ ಗುಂಡಿಯಲ್ಲಿ ನಮ್ಮವರು ತೆಂಗಿನ ನಾರು ತುಂಬಿಸಿ ಇಟ್ಟದ್ದು ನನಗೆ ಗೊತ್ತಿಲ್ಲ.

ಆ ನಾರಿನ ಮೇಲೆ ನಮ್ಮ ಕೆಂಪು ಕೋಳಿ ಕೂತಿತ್ತು. ಅದು ಕಾಣೆಯಾಗಿ ಎಷ್ಟೋ ದಿನ ಆಗಿತ್ತು ಮಾರಾಯ್ರೆ. ನರ್ಸಿನ ಮನೆಯ ನಾಯಿ ತಿಂದದ್ದು ಅಂತ ನಾನು ಓಣಿಗೆಲ್ಲ ಹೇಳಿ ಆಗಿತ್ತು. ಪಾಪ, ಅವಳು ನಾಯಿಯನ್ನು ಕಟ್ಟಿ ಹಾಕಿದ್ಲು ಕೂಡ.

ನಾದಿನಿ ಕಲ್ಲು ನೋಡಿದ್ಲು. ಕೋಳಿ ನೋಡಿದ್ಲು. ನನ್ನನ್ನು ನೋಡಿದ್ಲು.

"ಅತ್ತಿಗೆ, ಬೆಳಿಗ್ಗೆ ಇದ್ರಲ್ಲಿ ಕಡ್ದದ್ದಾ?"

"ಹೌದು ಮತ್ತೆ! ಕಡ್ದು, ತೊಳೆದು ಇಟ್ಟಿದ್ದೆ. ಈಗ ಬಂದು ಕೂತದ್ದು ಈ ಹಾಳಾದ್ದು. ಹುಶ್! ಹುಶ್!"

ಕೋಳಿ ಏಳ್ಲಿಲ್ಲ. ರೆಕ್ಕೆ ಸ್ವಲ್ಪ ಎತ್ತಿತು. ಆ ರೆಕ್ಕೆಯ ಅಡಿಯಿಂದ ಒಂದು ಹಳದಿ ಮರಿ ತಲೆ ಹೊರಗೆ ಹಾಕಿ ಚಿಂವ್ ಅಂತು. ಅದರ ಹಿಂದೆ ಇನ್ನೊಂದು.

"ಭಾರಿ ಅಂಬೆರ್ಪಿನ ಕೋಳಿ ಅತ್ತಿಗೆ" ಅಂದ್ಲು ನಾದಿನಿ. "ಬೆಳಿಗ್ಗೆ ಕೂತು ಮಧ್ಯಾಹ್ನಕ್ಕೆ ಮರಿ ಮಾಡಿ ಆಯ್ತು."

ಶಾಲು

ನಾದಿನಿ ಪುತ್ತಿಗೆಯಲ್ಲಿ ಹೇಳಿದ್ಲಾ ಇಲ್ವಾ, ಆ ಮಾತು ನರ್ಸಿಗೆ ಮುಟ್ಟಿತಾ ಇಲ್ವಾ, ನನಗೆ ಗೊತ್ತಾಗ್ಲಿಲ್ಲ. ನರ್ಸ್ ಬೇಲಿಯ ಹತ್ರ ಸಿಕ್ಕಿದಾಗೆಲ್ಲ "ಅಣ್ಣನ ಗೊರಕೆ ಹೇಗುಂಟು?" ಅಂತ ಕೇಳ್ತಾಳೆ. ನಗುವುದಿಲ್ಲ. ನಗದೆ ಕೇಳುವವರನ್ನು ನೋಡಿದ್ರೆ ನನಗೆ ಹೆದರಿಕೆ.

ಹೀಗಿರುವಾಗ ಆಟಿ ತಿಂಗಳು, ನಮ್ಮ ಕಡೆಯ ಆಷಾಢ, ಬಂತು. ಈಗ ಎಲ್ಲ ಕಡೆ ಆಟಿಯ ಕಾರ್ಯಕ್ರಮ ಉಂಟಲ್ಲ, ಹಿಂದಿನ ಕಾಲದ ತಿಂಡಿ ಮಾಡಿ ತರುವುದು, ಹಿಂದಿನ ಕಾಲದ ಸಾಮಾನು ತಂದಿಡುವುದು, ಭಾಷಣ ಮಾಡುವುದು. ನಮ್ಮ ಮಹಿಳಾ ಸಂಘದ ಅಧ್ಯಕ್ಷೆ ಮನೆಗೆ ಬಂದ್ಲು.

"ಅಕ್ಕ, ಈ ಸಲ ನಿಮಗೆ ಸನ್ಮಾನ."

"ನನಗಾ? ಎಂತಕ್ಕೆ?"

"ಇವತ್ತಿಗೂ ಕಲ್ಲಿನಲ್ಲಿ ಕಡೆಯುವವರು ಅಂತ ಈ ಊರಿನಲ್ಲಿ ನಿಮ್ಮನ್ನು ಬಿಟ್ರೆ ಯಾರಿದ್ದಾರೆ? ಎಲ್ರೂ ಒಪ್ಪಿ ಆಗಿದೆ. ಕೆಸುವಿನೆಲೆಯ ಪತ್ರೊಡೆಯೂ ನೀವೇ ಮಾಡಿ ತರ್ಬೇಕು, ಎಲ್ರಿಗೂ ಒಂದೊಂದು ತುಂಡು ಬರುವಷ್ಟು."

ಅವಳು ಹೋದ ಮೇಲೆ ಸೊಸೆ ಹೇಳಿದ್ಲು, "ಅತ್ತೆ, ಬೇಡ ಅಂತ ಹೇಳಿ."

"ಎಂತ ಹೇಳಿ ಬೇಡ ಅನ್ನುವುದು?"

"ಭುಜ ನೋವು ಅಂತ ಹೇಳಿ."

"ಭುಜ ನೋವಾದ್ರೆ ದಿನಾ ಯಾರು ಕಡೆಯುವುದು ಅಂತ ಕೇಳುದಿಲ್ವಾ? ನಿನ್ನ ಮಾವನ ಹೆಸರು ಹೇಳ್ಲಾ?"

ಸೊಸೆಗೆ ಗೊತ್ತಾಯ್ತು, ಇದು ಸನ್ಮಾನ ಅಲ್ಲ, ನನ್ನ ಕುತ್ತಿಗೆಗೆ ಬಂದದ್ದು ಅಂತ.

ಕಾರ್ಯಕ್ರಮದ ಬೆಳಿಗ್ಗೆ ನಾವು ಕಿಟಕಿ ಬಾಗಿಲು ಹಾಕಿ ಮಿಷನ್ ಶುರು ಮಾಡಿದೆವು. ಅಕ್ಕಿ, ಮೆಣಸು, ಹುಳಿ, ಬೆಲ್ಲ, ಕಾಯಿ ಎಲ್ಲ ಅರೆದಾಯ್ತು. ಕೆಸುವಿನ ಎಲೆಯನ್ನು ಕಟ್ಟು ಕಟ್ಟಾಗಿ ಕೊಚ್ಚಿಸಿ ಆಯ್ತು. ಹೊರಗೆ ಬಿಡದ ಮಳೆ, ದೇವರು ದೊಡ್ಡವ, ಶಬ್ದ ಯಾರಿಗೂ ಕೇಳ್ಲಿಲ್ಲ. ಎಲೆ ಸರಿಯಾಗಿ ಬೆಂದಿತ್ತು, ಹುಳಿಯೂ ಸರಿ ಇತ್ತು, ಪತ್ರೊಡೆ ಒಬ್ರಿಗೂ ತುರಿಸ್ಲಿಲ್ಲ. ತುರಿಸಿದ್ದು ನನಗೆ. ಮಿಷನಿನ ಅಲಗಿಗೆ ಹಿಡಿದಿದ್ದ ಹಸಿ ಕೆಸುವನ್ನು ಅಂಬೆರ್ಪಿನಲ್ಲಿ ಬರಿಗೈಯಲ್ಲಿ ತೊಳೆದಿದ್ದೆ.

ಹಾಲ್ ತುಂಬ ಜನ. ಬೆಳ್ತಂಗಡಿ ಕಡೆಯಿಂದ ಒಬ್ರು ಮೇಡಂ ಅತಿಥಿಯಾಗಿ ಬಂದಿದ್ರು. ನನ್ನನ್ನು ಸ್ಟೇಜಿಗೆ ಕರೆದು ಕುರ್ಚಿಯಲ್ಲಿ ಕೂರಿಸಿದ್ರು. ತಲೆಗೆ ಪೇಟ, ಕುತ್ತಿಗೆಗೆ ಹಾರ, ಮೈಗೆ ಜರಿ ಶಾಲು, ಮಡಿಲಿಗೆ ಹಣ್ಣಿನ ಬುಟ್ಟಿ. ಮೇಡಂ ಮೈಕಿನಲ್ಲಿ ಹೇಳ್ತಾರೆ, "ಮಿಷನ್ ಬಂದು ನಮ್ಮ ಅಡಿಗೆಯ ಆತ್ಮವೇ ಹೋಯ್ತು. ಆದ್ರೆ ಈ ತಾಯಿಯ ಮನೆಗೆ ಮಿಷನ್ ಕಾಲಿಡ್ಲಿಲ್ಲ." ಎಲ್ರೂ ಚಪ್ಪಾಳೆ ತಟ್ಟಿದ್ರು. ರಿಕ್ಷಾದವನೂ ಹಿಂದೆ ನಿಂತಿದ್ದ, ಅವ ಎಲ್ರಿಗಿಂತ ಜೋರು ತಟ್ಟಿದ.

ನನಗೆ ನೆಲ ಬಾಯಿ ಬಿಡಬಾರ್ದಾ ಅಂತ ಆಯ್ತು. ಅದರ ಮೇಲೆ ಕೈ ತುರಿಕೆ. ಒಂದು ಅಂಗೈಯನ್ನು ಇನ್ನೊಂದಕ್ಕೆ ತಿಕ್ಕಿ ತಿಕ್ಕಿ ಕೂತಿದ್ದೆ. ಮೇಡಂ ನೋಡಿದ್ರು. "ನೋಡಿ, ಇದು ನಿಜವಾದ ವಿನಯ! ಹೊಗಳಿದ್ರೆ ಹೇಗೆ ಕೈ ಹೊಸೆಯುತ್ತಾ ಕೂತಿದ್ದಾರೆ ನೋಡಿ!" ಮತ್ತೆ ಚಪ್ಪಾಳೆ.

ಎರಡನೇ ಸಾಲಿನಲ್ಲಿ ನರ್ಸ್ ಕೂತು ಪತ್ರೊಡೆ ತಿನ್ತಾ ಇದ್ಲು. ಒಂದು ತುಂಡನ್ನು ಬಿಡಿಸಿ ಎಲೆಯ ಚೂರುಗಳನ್ನು ಬೆಳಕಿಗೆ ಹಿಡಿದು ನೋಡಿದ್ಲು. ಎಲ್ಲ ಒಂದೇ ಅಳತೆ. ಯಾವ ಹೆಂಗಸಿನ ಕೈಯೂ ಹಾಗೆ ಕೊಚ್ಚುವುದಿಲ್ಲ, ಅದು ಅವಳಿಗೂ ಗೊತ್ತು, ನನಗೂ ಗೊತ್ತು. ನನ್ನನ್ನು ನೋಡಿ ತಲೆ ಆಡಿಸಿದ್ಲು, ಚೆನ್ನಾಗಿ ಉಂಟು ಅನ್ನುವ ಹಾಗೆ. ನಾನು ಹಣ್ಣಿನ ಬುಟ್ಟಿಯಲ್ಲಿ ಮುಖ ಇಟ್ಟೆ.

ಇಷ್ಟಕ್ಕೆ ಮುಗಿದಿದ್ರೆ ಶಾಲು ಹೊದ್ಕೊಂಡು ಮನೆಗೆ ಬರ್ತಿದ್ದೆ. ಅಧ್ಯಕ್ಷೆ ಮೈಕ್ ತಗೊಂಡ್ಲು. "ಈಗ ಅಕ್ಕ ನಮಗೆಲ್ಲ ಕಡ್ದು ತೋರಿಸ್ತಾರೆ."

ನೋಡ್ತೇನೆ, ನಾಲ್ಕು ಜನ ಗಂಡಸರು ಒಂದು ಕಡೆಯುವ ಕಲ್ಲನ್ನು ಹೊತ್ಕೊಂಡು ಬಂದು ಸ್ಟೇಜಿನ ನಡುವೆ ಇಟ್ರು. ನೆನೆ ಹಾಕಿದ ಅಕ್ಕಿ ಬಂತು. ಕೂರ್ಲಿಕ್ಕೆ ಮಣೆ ಬಂತು. ನಾನು ಅಧ್ಯಕ್ಷೆಯ ಕಿವಿಯಲ್ಲಿ ಹೇಳಿದೆ, "ಬೇಡ ಮಾರಾಯ್ತಿ, ಸೀರೆ ಹಾಳಾಗ್ತದೆ."

"ಒಂದೆರಡು ಸುತ್ತು ಸಾಕು ಅಕ್ಕ. ಮಕ್ಕಳು ನೋಡ್ಲಿ."

ಶಾಲು ತೆಗೀಲಿಕ್ಕೆ ಹೋದೆ. "ಶಾಲು ತೆಗಿಬೇಡಿ, ಪೇಟವೂ ಇರ್ಲಿ, ಫೋಟೋಕ್ಕೆ ಬೇಕು" ಅಂತ ಫೋಟೋದವ ಕೂಗಿದ. ಮೇಡಂ ಬೇರೆ ಎದ್ದು ಬಂದು ಮೈಕನ್ನು ಕಲ್ಲಿನ ಹತ್ರ ಇಡಿಸಿದ್ರು. "ಆ ಕಲ್ಲಿನ ನಾದ ಎಲ್ರಿಗೂ ಕೇಳ್ಬೇಕು."

ಕೂತೆ. ಅಕ್ಕಿ ಹಾಕಿದೆ, ನೀರು ಹಾಕಿದೆ, ಬಲಗೈಯನ್ನು ಎಡಗೈಯಿಂದ ಎತ್ತಿ ಗುಂಡಿನ ಮೇಲೆ ಇಟ್ಟೆ. ಯಾರೋ "ನೋಡಿ, ನಮಸ್ಕಾರ ಮಾಡಿ ಶುರು ಮಾಡಿದ್ರು" ಅಂದ್ರು. ಒಂದು ಸುತ್ತು ತಿರುಗಿಸಿದೆ. ಕಣ್ಣಲ್ಲಿ ನೀರು ಬಂತು. ಎರಡನೇ ಸುತ್ತು. ಹಲ್ಲು ಕಚ್ಚಿದೆ. ಮಾನ ಹೋಗಬಾರ್ದು, ಭುಜ ಹೋದ್ರೆ ಹೋಗ್ಲಿ ಅಂತ ಜೋರು ತಿರುಗಿಸ್ಲಿಕ್ಕೆ ಶುರು ಮಾಡಿದೆ. ಗರ ಗರ ಗರ ಅಂತ ಮೈಕಿನಲ್ಲಿ ಹಾಲಿಡೀ ಕೇಳ್ತಾ ಉಂಟು. ಸೊಸೆ ಕೆಳಗಿನಿಂದ ಕೈಸನ್ನೆ ಮಾಡ್ತಾಳೆ. ಸಾಕು ಅಂತ ಹೇಳುವುದು ಅಂದ್ಕೊಂಡೆ. ಅಲ್ಲ. ಅವಳು ತೋರಿಸ್ತಾ ಇದ್ದದ್ದು ಶಾಲನ್ನು.

ಶಾಲಿನ ತುದಿ ಗುಂಡಿನ ಅಡಿಗೆ ಹೋಗಿತ್ತು. ನಾನು ತಿರುಗಿಸಿದ ಹಾಗೆ ಅದು ಅಕ್ಕಿಯೊಟ್ಟಿಗೆ ಒಳಗೆ ಒಳಗೆ ಹೋಗ್ತಾ ಉಂಟು, ಕುತ್ತಿಗೆ ಕೆಳಗೆ ಕೆಳಗೆ ಬರ್ತಾ ಉಂಟು. ಪೇಟ ಕಣ್ಣಿಗೆ ಇಳಿಯಿತು. ಭುಜ ಒಂದು ಕಡೆ ಕಚ್ಚಿ ಹಿಡಿದಿದೆ, ಕೈಗೆ ಬಿಡ್ಲಿಕ್ಕೆ ನೆನಪಿಲ್ಲ, ಕಣ್ಣು ಕಾಣುವುದಿಲ್ಲ, ಹೆದರಿ ಇನ್ನೂ ಜೋರು ತಿರುಗಿಸ್ತಾ ಇದ್ದೇನೆ. ಮೂಗು ಹಿಟ್ಟಿಗೆ ತಾಗುವಷ್ಟು ಹತ್ರ ಆಗುವಾಗ ಜೀವಕ್ಕೇ ಬಂತು ಅಂತ ಅನಿಸಿ, ಮೈಕಿನ ಬಾಯಿಗೇ ಬಾಯಿ ಕೊಟ್ಟು ಬೊಬ್ಬೆ ಹಾಕಿದೆ:

"ಸ್ವಿಚ್ ಆಫ್ ಮಾಡು ಮಾರಾಯ್ತಿ! ಸ್ವಿಚ್ ಆಫ್ ಮಾಡು!"

ಸೊಸೆ ಎರಡೂ ಕೈಯಲ್ಲಿ ಮುಖ ಮುಚ್ಚಿದ್ಲು. ಮೇಡಂ ಬಾಯಿ ಬಿಟ್ಟು ನಿಂತಿದ್ರು. ಆಗ ಎರಡನೇ ಸಾಲಿನಿಂದ ನರ್ಸ್ ಎದ್ದು ನಿಂತ್ಲು. ಆಸ್ಪತ್ರೆಯಲ್ಲಿ ಹೆದರಿದವರ ಹತ್ರ ಮಾತಾಡುವ ಹಾಗೆ, ಸಾವಕಾಶ, ಎಲ್ರಿಗೂ ಕೇಳುವ ಹಾಗೆ ಹೇಳಿದ್ಲು:

"ಅಕ್ಕ, ಅದಕ್ಕೆ ಸ್ವಿಚ್ ಇಲ್ಲ. ನೀವು ತಿರುಗಿಸುವುದು ನಿಲ್ಲಿಸಿ. ಅದೂ ನಿಲ್ತದೆ."

ನಿಲ್ಲಿಸಿದೆ ಮಾರಾಯ್ರೆ. ನಿಂತಿತು.